ಕೈಯಿಂದ ಕೈಗೆ: ಎರಡು ಇಂಗ್ಲಿಷ್ ಪದಗಳ ಕತೆ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘಟಕರು ನನಗೆ ಕೊಟ್ಟ ವಿಷಯ ‘ಗ್ರಾಮೀಣ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಕಲಿಕೆಯ ಮಹತ್ವ’. ಕೊಟ್ಟ ಸಮಯ ಇಪ್ಪತ್ತು ನಿಮಿಷ. ಇಂಗ್ಲಿಷಿನ ಮಹತ್ವ ಗೊತ್ತಿಲ್ಲದವರು ಈ ಪೆಂಡಾಲಿನಲ್ಲಿ ಒಬ್ಬರೂ ಇಲ್ಲ. ಮಗನ ಕೈಗೆ ಮೊಬೈಲ್ ಕೊಟ್ಟು ‘ಏನ್ ಬಂದೈತಿ ಓದಿ ಹೇಳಪಾ’ ಅನ್ನುವ ಪ್ರತಿಯೊಬ್ಬ ತಾಯಿಗೂ ಅದು ಗೊತ್ತು. ಹಾಗಾಗಿ ಸಂಘಟಕರ ಕ್ಷಮೆ ಕೇಳಿ ನಾನು ವಿಷಯವನ್ನು ಸಣ್ಣದು ಮಾಡಿಕೊಂಡಿದ್ದೇನೆ. ಇವತ್ತು ನಾನು ಮಾತಾಡುವುದು ಎರಡೇ ಎರಡು ಪದಗಳ ಬಗ್ಗೆ: ‘ಹ್ಯಾಂಡ್ ಓವರ್’. ಈ ಎರಡು ಪದಗಳ ಸಾಲ ನನ್ನ ಮೇಲಿದೆ. ಅದನ್ನು ತೀರಿಸಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಮೊದಲು ನಮ್ಮ ಊರಿನ ಹೆಸರಿನ ಕತೆ. ತರಬೇತಿಗೆಂದು ಬೆಂಗಳೂರಿಗೆ ಹೋದಾಗಲೆಲ್ಲ ನಾನು ಮಂಗಳೂರಿನವನು ಎಂದರೆ ಸಾಕು, ‘ಹಾಗಾದರೆ ಮೀನು ಚೆನ್ನಾಗಿ ಸಿಗುತ್ತದೆ’ ಅನ್ನುತ್ತಾರೆ. ‘ನಮ್ಮ ಮಂಗಳೂರಿನಾಗ ಮಳಿನೇ ಸರಿಯಾಗಿ ಬರೂದಿಲ್ಲ, ಸಮುದ್ರ ಎಲ್ಲಿಂದ ತರೂನ್ರಿ’ ಎಂದು ನಾನು ಹೇಳಬೇಕಾಗುತ್ತದೆ. ನೀವೂ ಇದನ್ನು ಅನುಭವಿಸಿದವರೇ. ಈ ಮಾತು ಯಾಕೆ ತೆಗೆದೆನೆಂದರೆ, ನಾನು ಹೇಳಲಿರುವ ಸಂಗತಿ ಎರಡೂ ಮಂಗಳೂರುಗಳಿಗೆ ಸೇರಿದ್ದು.

ಮೂವತ್ತೈದು ವರ್ಷಕ್ಕೂ ಹಿಂದಿನ ಮಾತು. ನಾನು ಇಲ್ಲಿ ಒಂಬತ್ತನೆಯ ತರಗತಿಯಲ್ಲಿದ್ದೆ. ಎರಡು ವರ್ಷ ಸತತ ಮಳೆ ಕೈಕೊಟ್ಟಿತ್ತು. ಆಗ ಈ ಊರಿನಿಂದ ದುಡಿಯಲು ಹೊರಟವರು ಕೆಲವರು ಗೋವಾಕ್ಕೆ ಹೋದರು, ಕೆಲವರು ಸಮುದ್ರದ ದಂಡೆಯ ಆ ಇನ್ನೊಂದು ಮಂಗಳೂರಿಗೆ ಹೋದರು. ನಮ್ಮ ಕಾಕಾ ಅಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದರು. ಒಂದು ದಿನ ಸೆಂಟ್ರಿಂಗ್ ಹಲಗೆಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡರು. ಅಲ್ಲೇ ಆಸ್ಪತ್ರೆಯಲ್ಲಿ ಇದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು, ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗಿ ಊರಿಗೆ ಬಂದರು. ಬಾಕಿ ಪಗಾರ ಮತ್ತು ಆಸ್ಪತ್ರೆಯ ಖರ್ಚು ಎರಡನ್ನೂ ಕೊಡುತ್ತೇವೆ ಎಂದು ಕೆಲಸ ಕೊಟ್ಟವರು ಬಾಯಿಮಾತಿನಲ್ಲಿ ಹೇಳಿ ಕಳಿಸಿದ್ದರು.

ಒಂದು ತಿಂಗಳಾದ ಮೇಲೆ ಒಂದು ಲಕೋಟೆ ಬಂತು. ಒಳಗೆ ಟೈಪ್ ಮಾಡಿದ ಇಂಗ್ಲಿಷ್ ಪತ್ರ, ನಾಲ್ಕೇ ಸಾಲು. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಬಲ್ಲವನು ನಾನೊಬ್ಬನೇ. ಅಪ್ಪ ಕಂದೀಲಿನ ಬತ್ತಿ ಏರಿಸಿದರು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. ಕಾಕಾ ಕಾಲು ಚಾಚಿಕೊಂಡು ಹಾಸಿಗೆಯ ಮೇಲೆಯೇ ಕುಳಿತರು. ನಾನು ಓದಿದೆ: ‘ಪ್ಲೀಸ್ ಹ್ಯಾಂಡ್ ಓವರ್ ದಿ ಒರಿಜಿನಲ್ ಪೇಪರ್ಸ್ ಟು ದಿ ಆಫೀಸ್…’ ಮುಂದೆ ಒಂದು ತಾರೀಖು ಇತ್ತು.

ಮಕ್ಕಳೆ, ಇಲ್ಲಿ ಸ್ವಲ್ಪ ಗಮನ ಕೊಡಿ. ಆ ಸಾಲಿನಲ್ಲಿ ನನ್ನನ್ನು ತಡೆದು ನಿಲ್ಲಿಸುವ ಪದ ಒಂದೂ ಇರಲಿಲ್ಲ. ಪ್ಲೀಸ್ ಗೊತ್ತು. ಹ್ಯಾಂಡ್ ಅಂದರೆ ಕೈ, ಐದನೆಯ ತರಗತಿಯಲ್ಲಿ ಎ ಬಿ ಸಿ ಡಿ ಕಲಿತ ವರ್ಷವೇ ಕಲಿತದ್ದು. ಪೇಪರ್, ಆಫೀಸ್ ಇವು ಕನ್ನಡದವೇ ಆಗಿಬಿಟ್ಟಿವೆ. ಒರಿಜಿನಲ್ ಅಂದರೆ ಅಸಲಿ ಎಂಬುದು ಕೇಳಿ ಗೊತ್ತಿತ್ತು. ಇನ್ನು ಓವರ್? ಕ್ರಿಕೆಟ್ಟಿನಲ್ಲಿ ಆರು ಚೆಂಡು ಹಾಕಿದ ಮೇಲೆ ಓವರ್. ಸಿನಿಮಾ ಬಿಟ್ಟರೆ ಓವರ್. ಓವರ್ ಅಂದರೆ ಮುಗಿಯಿತು. ಹೀಗೆ ಆರು ಗೊತ್ತಿರುವ ಪದಗಳನ್ನು ಕೂಡಿಸಿ ನಾನು ಗಂಭೀರವಾಗಿ ಹೇಳಿದೆ: ‘ಯಪ್ಪಾ, ಆಫೀಸಿನವರು ಅಸಲ ಕಾಗದಪತ್ರದ ಕೆಲಸ ಎಲ್ಲಾ ಮುಗಿಸ್ಯಾರಂತ. ಈ ತಾರೀಖಿನ ಒಳಗ ರೊಕ್ಕ ಬರ್ತದ.’

ಅಪ್ಪ ಪತ್ರಕ್ಕೆ ಕೈಮುಗಿದು ಟ್ರಂಕಿನಲ್ಲಿಟ್ಟರು. ಅದರ ಪಕ್ಕದಲ್ಲೇ ಆಸ್ಪತ್ರೆಯ ಅಸಲು ಕಾಗದಗಳೂ ಇದ್ದವು. ಕಳಿಸಬೇಕಾದ ಕಾಗದ ಮತ್ತು ಕಳಿಸಿ ಎಂದು ಕೇಳಿದ ಪತ್ರ ಎರಡೂ ಒಂದೇ ಟ್ರಂಕಿನಲ್ಲಿ ಎರಡು ತಿಂಗಳು ಅಕ್ಕಪಕ್ಕ ಮಲಗಿದವು. ನಾವು ಪೋಸ್ಟ್‌ಮ್ಯಾನ್‌ನ ದಾರಿ ಕಾಯುತ್ತ ಕುಳಿತೆವು.

ಗೊತ್ತಿಲ್ಲದ ಪದ ಬಂದರೆ ಮನುಷ್ಯ ನಿಲ್ಲುತ್ತಾನೆ, ಯಾರನ್ನಾದರೂ ಕೇಳುತ್ತಾನೆ. ಎರಡು ಗೊತ್ತಿರುವ ಪದಗಳು ಕೂಡಿ ಮೂರನೆಯದೇ ಅರ್ಥ ಹೇಳುವಾಗ ಯಾರೂ ನಿಲ್ಲುವುದಿಲ್ಲ. ಕ್ರಿಯಾಪದದ ಬೆನ್ನಿಗೆ ಒಂದು ಸಣ್ಣ ಪದ ಅಂಟಿಕೊಂಡು ಬೇರೆ ಅರ್ಥ ಕೊಡುವ ಇಂಥ ಜೋಡಿಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಫ್ರೇಸಲ್ ವರ್ಬ್’ ಅನ್ನುತ್ತಾರೆ. ಹೆಸರು ಮರೆತರೂ ಚಿಂತೆಯಿಲ್ಲ. ಇಷ್ಟು ನೆನಪಿಡಿ: ನಿಘಂಟಿನಲ್ಲಿ ‘ಹ್ಯಾಂಡ್’ ಪದ ತೆಗೆದರೆ ಮೊದಲ ಸಾಲಿನಲ್ಲಿ ಕೈ ಎಂದಿರುತ್ತದೆ. ಅಲ್ಲಿಗೇ ಪುಸ್ತಕ ಮುಚ್ಚಬೇಡಿ. ಕೆಳಗೆ ಇಳಿಯಿರಿ, ಈ ಜೋಡಿಗಳೆಲ್ಲ ಅಲ್ಲಿ ಸಾಲಾಗಿ ಕುಳಿತಿರುತ್ತವೆ.

ಮುಂದೇನಾಯಿತು ಹೇಳುತ್ತೇನೆ. ಒಂದು ದಿನ ಅಪ್ಪ ಆ ಪತ್ರವನ್ನು ನಮ್ಮ ಇಂಗ್ಲಿಷ್ ಸರ್ ಅವರಿಗೆ ತೋರಿಸಿದರು. ಅವರು ಓದಿದರು, ತಾರೀಖು ನೋಡಿದರು, ನನ್ನ ಕಡೆ ನೋಡಿದರು. ಅಪ್ಪನಿಗೆ ಮಾತ್ರ ‘ಕಾಗದ ಕಳಿಸೂದು ಸ್ವಲ್ಪ ತಡಾ ಆಗೇತಿ, ನಾ ಒಂದ್ ಪತ್ರ ಬರದು ಕೊಡ್ತೀನಿ, ರಿಜಿಸ್ಟರ್ ಪೋಸ್ಟ್ ಮಾಡ್ರಿ’ ಅಂದರು. ಯಾರು ತಪ್ಪು ಓದಿದರು ಎಂಬ ಮಾತು ಎತ್ತಲೇ ಇಲ್ಲ.

ಮರುದಿನ ತರಗತಿಯಲ್ಲಿ ಅವರು ಪಾಠದ ಪುಸ್ತಕ ತೆಗೆಯಲಿಲ್ಲ. ಕೈಯಲ್ಲಿದ್ದ ಡಸ್ಟರ್ ಎತ್ತಿ ಹಿಡಿದು ‘ಇದು ಯಾರ ಕೈಯಾಗ ಐತಿ?’ ಎಂದು ಕೇಳಿದರು. ‘ನಿಮ್ಮ ಕೈಯಾಗ ಸರ್.’ ನನ್ನನ್ನು ಎಬ್ಬಿಸಿ ಡಸ್ಟರ್ ನನ್ನ ಕೈಗೆ ಕೊಟ್ಟರು. ‘ಈಗ?’ ‘ನನ್ನ ಕೈಯಾಗ.’ ‘ನಡುವ ಏನು ಆತು?’ ಯಾರೂ ಮಾತಾಡಲಿಲ್ಲ. ‘ಹಳ್ಳ ದಾಟಿ ಆ ದಂಡಿಗೆ ಹೋಗ್ತೀರಲ್ಲ, ಹಂಗ ಡಸ್ಟರ್ ನನ್ನ ದಂಡಿಯಿಂದ ಅವನ ದಂಡಿಗೆ ದಾಟಿತು. ಆ ದಾಟೂದಕ್ಕ ಓವರ್ ಅಂತಾರ. ಹ್ಯಾಂಡ್ ಓವರ್. ಕೈ ದಾಟಿಸೂದು.’ ಆಮೇಲೆ ಬೋರ್ಡಿನ ಮೇಲೆ ವಾಕ್ಯ ಬರೆದರು. ಹಿಂದಿನ ದಿನದ ಪತ್ರದ್ದೇ ಸಾಲು. ತಲೆ ತಗ್ಗಿಸಿ ಬರೆದುಕೊಂಡೆ. ಆ ವಹಿಯ ಹಾಳೆ ಈಗಲೂ ನನ್ನ ಹತ್ತಿರ ಇದೆ.

ನಾನೀಗ ಇದೇ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ಬಂದಿದ್ದೇನೆ. ಈ ಪಾಠ ಬಂದಾಗಲೆಲ್ಲ ಡಸ್ಟರ್ ಎತ್ತಿಕೊಳ್ಳುತ್ತೇನೆ. ಅದರ ಮುಂದೆ ನಾನೇ ಸೇರಿಸಿಕೊಂಡದ್ದು ಒಂದಿಷ್ಟಿದೆ.

ಓವರ್ ಬದಲು ಬೇರೆ ಸಣ್ಣ ಪದ ಇಟ್ಟು ನೋಡಿ. ಮನೆಕೆಲಸದ ವಹಿಯನ್ನು ಸರ್ ಮೇಜಿನ ಮೇಲೆ ಇಡುವುದು ‘ಹ್ಯಾಂಡ್ ಇನ್’. ಕೆಳಗಿನವರು ಮೇಲಿನವರಿಗೆ ಸಲ್ಲಿಸುವುದು ಅದು. ಅರ್ಜಿ, ರಾಜೀನಾಮೆ ಎಲ್ಲ ‘ಇನ್’. ಜಾತ್ರೆಯಲ್ಲಿ ಪ್ರಸಾದ ಹಂಚುವುದು, ಶಾಲೆಯಲ್ಲಿ ಪಠ್ಯಪುಸ್ತಕ ಹಂಚುವುದು ‘ಹ್ಯಾಂಡ್ ಔಟ್’. ಒಂದು ಕೈಯಿಂದ ಹತ್ತು ಕೈಗೆ ಹೊರಗೆ ಹರಡುತ್ತದೆ. ಪಡೆದದ್ದನ್ನು ತಿರುಗಿ ಕೊಡುವುದು ‘ಹ್ಯಾಂಡ್ ಬ್ಯಾಕ್’. ಅಜ್ಜಿಯ ಬೋರಮಾಳ ಸರ ಅವ್ವನಿಗೆ, ಅವ್ವನಿಂದ ಮಗಳಿಗೆ ಬರುವುದು ‘ಹ್ಯಾಂಡ್ ಡೌನ್’. ಹಿರಿಯರು ಮೇಲೆ, ಕಿರಿಯರು ಕೆಳಗೆ, ನೀರು ಇಳಿದ ಹಾಗೆ. ನಮ್ಮ ಕಾಲದಲ್ಲಿ ಪರೀಕ್ಷೆ ಮುಗಿದ ಕೂಡಲೇ ಮೇಲಿನ ತರಗತಿಯವರ ಪುಸ್ತಕ ಅರ್ಧ ರೇಟಿಗೆ ಕೊಳ್ಳುತ್ತಿದ್ದೆವಲ್ಲ, ಅಣ್ಣನ ಅಂಗಿ ತಮ್ಮನಿಗೆ ಬರುತ್ತಿತ್ತಲ್ಲ, ಅದೂ ಅದೇ ಜಾತಿಯದು. ಅರ್ಧ ರೇಟಿನ ಪುಸ್ತಕದಲ್ಲಿ ಪ್ರಶ್ನೋತ್ತರಕ್ಕೆ ಮೊದಲೇ ಗುರುತು ಹಾಕಿರುತ್ತಿದ್ದರಿಂದ ಅದಕ್ಕೆ ಹೊಸದಕ್ಕಿಂತ ಹೆಚ್ಚು ಬೇಡಿಕೆ ಇತ್ತು ಎಂಬುದನ್ನು ನನ್ನ ಓರಗೆಯವರು ಒಪ್ಪುತ್ತೀರಿ.

ಕೈ ಒಂದೇ. ಬೆನ್ನಿಗೆ ನಿಂತ ಸಣ್ಣ ಪದವೇ ಯಾರು ಯಾರಿಗೆ ಕೊಟ್ಟರು, ಮೇಲೋ ಕೆಳಗೋ, ತಿರುಗಿ ಬರುತ್ತದೋ ಇಲ್ಲವೋ ಎಂದು ಹೇಳುವುದು. ‘ಗಿವ್’ ಎಂಬ ಪದಕ್ಕೂ ಹೀಗೆಯೇ. ‘ಗಿವ್ ಅವೇ’ ಅಂದರೆ ದುಡ್ಡು ತೆಗೆದುಕೊಳ್ಳದೆ ಕೊಟ್ಟುಬಿಡುವುದು. ಗುಟ್ಟು ಬಿಟ್ಟುಕೊಡುವುದಕ್ಕೂ ಅದೇ. ‘ಗಿವ್ ಇನ್’ ಅಂದರೆ ಸೋತು ಒಪ್ಪಿಕೊಳ್ಳುವುದು, ‘ಗಿವ್ ಅಪ್’ ಅಂದರೆ ಕೈಚೆಲ್ಲುವುದು. ಇವನ್ನೆಲ್ಲ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವವರಿದ್ದಾರೆ. ನನಗೆ ಆ ಪದ್ಧತಿಯಲ್ಲಿ ನಂಬಿಕೆ ಇಲ್ಲ. ಇಪ್ಪತ್ತು ಪದ ಬಾಯಿಪಾಠ ಮಾಡಿದ ಹುಡುಗ ಪರೀಕ್ಷೆಯಲ್ಲಿ ಹದಿನೆಂಟು ಬರೆಯುತ್ತಾನೆ, ಮನೆಗೆ ಬಂದ ಪತ್ರವನ್ನು ನನ್ನ ಹಾಗೆಯೇ ಓದುತ್ತಾನೆ.

ಇಂಗ್ಲಿಷಿನವರು ನಮ್ಮನ್ನು ಸತಾಯಿಸಲೆಂದೇ ಇದನ್ನು ಮಾಡಿಟ್ಟಿದ್ದಾರೆ ಎಂದು ನನ್ನ ವಿದ್ಯಾರ್ಥಿಗಳು ಹೇಳುತ್ತಾರೆ. ಆಗ ನಾನು ನಮ್ಮ ಮಾತನ್ನೇ ಅವರ ಮುಂದೆ ಇಡುತ್ತೇನೆ. ‘ಅವ ತಮ್ಮನ ಹೆಸರಿಗೆ ಹೊಲ ಬರೆದುಕೊಟ್ಟ’ ಅನ್ನುತ್ತೇವೆ. ಕನ್ನಡ ಹೊಸದಾಗಿ ಕಲಿತ ಪರದೇಶದವನೊಬ್ಬ ಇದನ್ನು ಪದ ಪದ ಬಿಡಿಸಿದರೆ ಏನಾಗುತ್ತದೆ? ಒಬ್ಬ ಮನುಷ್ಯ ಹಾಳೆಯ ಮೇಲೆ ಹೊಲದ ಚಿತ್ರ ಬರೆದು ಅದನ್ನು ತಮ್ಮನಿಗೆ ಕೊಟ್ಟ ಎಂದಾಗುತ್ತದೆ. ಕಳ್ಳನನ್ನು ‘ಹಿಡಿದುಕೊಟ್ಟರು’, ಪಾಠ ‘ಹೇಳಿಕೊಟ್ಟರು’, ಬಸ್ಸಿನಲ್ಲಿ ಸೀಟು ‘ಬಿಟ್ಟುಕೊಟ್ಟರು’. ನಾಲ್ಕರಲ್ಲೂ ‘ಕೊಡು’ ಇದೆ, ನಾಲ್ಕೂ ಬೇರೆ ಬೇರೆ. ಇವನ್ನು ನಮಗೆ ಯಾವ ಶಾಲೆಯೂ ಕಲಿಸಲಿಲ್ಲ.

ಕೈಯ ಮಾತಂತೂ ಇನ್ನೂ ದೊಡ್ಡದು. ಕೈಹಿಡಿ, ಕೈಬಿಡು, ಕೈಹಾಕು, ಕೈಮೀರು, ಕೈತಪ್ಪು, ಕೈಗೂಡು. ಇವುಗಳಲ್ಲಿ ಒಂದರಲ್ಲೂ ನಿಜವಾದ ಕೈ ಇಲ್ಲ. ಇಲ್ಲೇ ಒಂದು ಅಪಾಯವೂ ಇದೆ. ‘ಗಿವ್ ಮಿ ಎ ಹ್ಯಾಂಡ್’ ಎಂದು ಇಂಗ್ಲಿಷಿನವನು ಕೇಳಿದರೆ ಸ್ವಲ್ಪ ನೆರವಾಗು ಎಂದು ಅರ್ಥ. ಅದನ್ನೇ ಕನ್ನಡ ಮಾಡಿ ‘ಕೈಕೊಡು’ ಅಂದರೆ? ಮಳೆ ಕೈಕೊಟ್ಟರೆ ಏನಾಗುತ್ತದೆಂದು ಈ ಸೀಮೆಯಲ್ಲಿ ಯಾರಿಗೆ ಹೇಳಬೇಕು! ಮದುವೆಯ ಹಿಂದಿನ ದಿನ ಅಡುಗೆಯವನು ಕೈಕೊಟ್ಟದ್ದು, ಬಿತ್ತುವ ದಿನ ಟ್ರ್ಯಾಕ್ಟರ್ ಕೈಕೊಟ್ಟದ್ದು ಎಲ್ಲವನ್ನೂ ಅನುಭವಿಸಿದವರು ನಾವು. ಅವರ ಭಾಷೆಯಲ್ಲಿ ನೆರವಾದದ್ದು ನಮ್ಮ ಭಾಷೆಯಲ್ಲಿ ಮೋಸ.

‘ಹ್ಯಾಂಡ್ ಓವರ್’ಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಹತ್ತನೆಯ ತರಗತಿಯ ಮಕ್ಕಳನ್ನು ಕೇಳಿದರೆ ‘ಹಸ್ತಾಂತರ’ ಎಂದು ಥಟ್ಟನೆ ಹೇಳುತ್ತಾರೆ. ಸಮಾಜದ ಪುಸ್ತಕದಲ್ಲಿ ‘ಅಧಿಕಾರ ಹಸ್ತಾಂತರ’ ಬರುತ್ತದಲ್ಲ. ಆ ಪದವನ್ನು ಒಡೆದು ನೋಡಿ. ಹಸ್ತ ಅಂದರೆ ಕೈ, ಅಂತರ ಅಂದರೆ ಇನ್ನೊಂದು. ಕೈಯಿಂದ ಇನ್ನೊಂದು ಕೈಗೆ. ಇಂಗ್ಲಿಷಿನವರು ಹೇಳಿದ್ದೂ ಅದನ್ನೇ. ಇನ್ನು ನಮ್ಮ ಅಜ್ಜಂದಿರನ್ನು ಕೇಳಿದ್ದರೆ ಅವರು ಹಸ್ತಾಂತರ ಎನ್ನುತ್ತಿರಲಿಲ್ಲ, ‘ಹವಾಲಿ ಮಾಡಿದ’ ಅನ್ನುತ್ತಿದ್ದರು. ನಿಜಾಮರ ಕಾಲದಲ್ಲಿ ಕಚೇರಿಯ ಮಾತು ಉರ್ದು. ಉರ್ದುವಿನಲ್ಲಿ ‘ಹವಾಲೆ ಕರ್ನಾ’ ಅಂದರೆ ಒಪ್ಪಿಸಿಕೊಡುವುದು. ಒಪ್ಪಿಸಿದ್ದನ್ನು ಇಟ್ಟುಕೊಂಡು ನೋಡಿಕೊಳ್ಳುವವನು ಹವಾಲ್ದಾರ. ಹೊಲದ ವ್ಯವಹಾರದಲ್ಲಿ ಈಗಲೂ ‘ಕಬ್ಜಾ ಕೊಟ್ಟ, ಕಬ್ಜಾ ತಗೊಂಡ’ ಅನ್ನುತ್ತೇವೆ. ಬ್ಯಾಂಕಿನ ಪತ್ರದಲ್ಲಿ ‘ಹ್ಯಾಂಡ್ ಓವರ್ ಪೊಸೆಷನ್’ ಎಂದು ಬಂದರೆ ಅದು ಈ ಕಬ್ಜಾ ಕೊಡುವುದೇ. ಓದಲು ಬಾರದ ನಮ್ಮ ಅಜ್ಜನಿಗೆ ಕಬ್ಜಾ ಕೊಡುವುದು ಎಂದರೆ ಏನು ಎಂಬುದು ವಕೀಲರಷ್ಟೇ ಚೆನ್ನಾಗಿ ಗೊತ್ತಿತ್ತು. ಮೊಮ್ಮಗನಾದ ನನಗೆ ಇಂಗ್ಲಿಷ್ ಪದ ಗೊತ್ತಿತ್ತು, ಸಂಗತಿ ಗೊತ್ತಿರಲಿಲ್ಲ.

ಅದಕ್ಕೂ ಹಿಂದೆ ಹೋಗಬೇಕೆ? ನಮ್ಮ ಸೀಮೆಯ ಇಟಗಿಯಲ್ಲಿ 1112ರಲ್ಲಿ ದಂಡನಾಯಕ ಮಹಾದೇವ ಕಟ್ಟಿಸಿದ ಗುಡಿ ಇದೆ. ಶಾಲೆಯ ಪ್ರವಾಸವೆಂದು ನಡೆಸಿಕೊಂಡು ಹೋಗಿದ್ದರು, ನೆನಪಿರಬೇಕು. ಆ ಕಾಲದ ಕನ್ನಡ ದತ್ತಿ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು ‘ಧಾರಾಪೂರ್ವಕಂ’. ಕೊಡುವವನು ಪಡೆಯುವವನ ಕೈಯ ಮೇಲೆ ನೀರು ಎರೆದು ಕೊಡುತ್ತಿದ್ದ. ನೀರು ಈ ಕೈಯಿಂದ ಆ ಕೈಗೆ ದಾಟಿತೆಂದರೆ ಭೂಮಿಯೂ ದಾಟಿತು. ಕೊಟ್ಟದ್ದನ್ನು ತಿರುಗಿ ಕಸಿದುಕೊಂಡವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪವನ್ನೂ ಕೆಳಗೆ ಕೆತ್ತಿಸುತ್ತಿದ್ದರು. ಇವತ್ತಿನ ಬಾಂಡ್ ಪೇಪರಿನಲ್ಲಿ ಆ ಸಾಲು ಇಲ್ಲ, ಇದ್ದಿದ್ದರೆ ಕೋರ್ಟಿನ ಕೆಲಸ ಸ್ವಲ್ಪ ಕಡಿಮೆಯಾಗುತ್ತಿತ್ತೇನೋ. ಮದುವೆಯಲ್ಲಿ ಧಾರೆ ಎರೆಯುವುದೂ ಅದೇ ನೀರು.

ದೇಶಗಳೂ ಹೀಗೆ ಕೈ ದಾಟುತ್ತವೆ. 1947ರ ಆಗಸ್ಟ್ 15ರಂದು ದೆಹಲಿಯಲ್ಲಿ ಅಧಿಕಾರ ಕೈ ದಾಟಿತು, ನಮ್ಮ ಊರಿಗೆ ದಾಟಲಿಲ್ಲ. ನಾವು ಹೈದರಾಬಾದ್ ಸಂಸ್ಥಾನದವರು. ನಮಗೆ ಆ ದಿನ ಬಂದದ್ದು ಹದಿಮೂರು ತಿಂಗಳ ನಂತರ, 1948ರ ಸೆಪ್ಟೆಂಬರ್ 17ರಂದು. ಅದು ನಿಜಾಮರು ಮನಸ್ಸಿಟ್ಟು ಮಾಡಿದ ‘ಹ್ಯಾಂಡ್ ಓವರ್’ ಅಲ್ಲ, ಸೈನ್ಯ ಬಂದ ಮೇಲೆ ಮಾಡಿದ ‘ಗಿವ್ ಇನ್’. ಮುಂದೆ 1956ರಲ್ಲಿ ರಾಯಚೂರು ಜಿಲ್ಲೆಯ ಜೊತೆ ಮೈಸೂರು ರಾಜ್ಯಕ್ಕೆ ಬಂದೆವು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾಯಿತು. ಅದೇ ವರ್ಷ ಜುಲೈ 1ರಂದು ಬ್ರಿಟಿಷರು ಹಾಂಗ್‌ಕಾಂಗನ್ನು ಚೀನಾಕ್ಕೆ ಒಪ್ಪಿಸಿದರು. ಇಂಗ್ಲಿಷ್ ಪತ್ರಿಕೆಗಳೆಲ್ಲ ಅದನ್ನು ‘ಹ್ಯಾಂಡೋವರ್’ ಎಂದೇ ಕರೆದವು. ಎರಡು ಪದ ಕೂಡಿಸಿ ಒಂದು ಮಾಡಿ ಬರೆದರೆ ಅದು ನಾಮಪದ, ಒಪ್ಪಿಸುವ ಕ್ರಿಯೆಯ ಹೆಸರು. ಬಿಡಿಸಿ ಬರೆದರೆ ಕ್ರಿಯಾಪದ.

ನಮ್ಮ ಮಕ್ಕಳು ಎಡವುವುದು ಈ ಕೂಡಿಸುವ ಬಿಡಿಸುವ ಜಾಗದಲ್ಲೇ. ನಾನು ತಿದ್ದಿದ ಉತ್ತರಪತ್ರಿಕೆಗಳಲ್ಲಿ ಅತಿ ಹೆಚ್ಚು ಸಲ ಕಂಡ ತಪ್ಪು ‘ಹ್ಯಾಂಡ್ ಓವರ್ಡ್’. ಯಾಕೆ ಹಾಗೆ ಬರೆಯುತ್ತಾರೆಂದು ಬಹಳ ದಿನ ಯೋಚಿಸಿದ್ದೇನೆ. ನಾವು ಮಾತಾಡುವಾಗ ‘ಹ್ಯಾಂಡೋವರ್ ಮಾಡಿದೆ’ ಅನ್ನುತ್ತೇವೆ. ನಮ್ಮ ಕಿವಿಗೆ ಅದು ಒಂದೇ ಪದ, ಹಾಗಾಗಿ ಭೂತಕಾಲದ ಬಾಲವನ್ನು ಕೊನೆಗೆ ಅಂಟಿಸುತ್ತೇವೆ. ಆದರೆ ಕೆಲಸ ಮಾಡುವುದು ಹ್ಯಾಂಡ್, ಓವರ್ ಅಲ್ಲ. ಬಾಲ ಹ್ಯಾಂಡಿಗೆ ಬರಬೇಕು: ‘ಹ್ಯಾಂಡೆಡ್ ಓವರ್’. ಎರಡನೆಯ ತಪ್ಪು ‘ಹ್ಯಾಂಡ್ ಓವರ್ ಇಟ್’. ಕೊಡುವ ವಸ್ತುವಿನ ಹೆಸರನ್ನೇ ಹೇಳುವುದಾದರೆ ಅದನ್ನು ಕೊನೆಯಲ್ಲೂ ಇಡಬಹುದು, ನಡುವೆಯೂ ಇಡಬಹುದು: ‘ಹ್ಯಾಂಡ್ ಓವರ್ ದಿ ಕೀ’ ಸರಿ, ‘ಹ್ಯಾಂಡ್ ದಿ ಕೀ ಓವರ್’ ಕೂಡ ಸರಿ. ಆದರೆ ಹೆಸರಿನ ಬದಲು ಅದು, ಅವು, ಅವನು ಎಂದು ಸರ್ವನಾಮ ಹೇಳಿದರೆ ಅದು ನಡುವೆಯೇ ಕೂರಬೇಕು: ‘ಹ್ಯಾಂಡ್ ಇಟ್ ಓವರ್’. ಹುಡುಗರಿಗೆ ನಾನು ಹೇಳುವುದು ಹೀಗೆ: ಹೆಸರು ದೊಡ್ಡ ಮನುಷ್ಯ, ಎಲ್ಲಿ ಬೇಕಾದರೂ ಕೂರುತ್ತಾನೆ. ಸರ್ವನಾಮ ಸಣ್ಣ ಹುಡುಗ, ಅಪ್ಪ ಅವ್ವನ ನಡುವೆಯೇ ಮಲಗಬೇಕು. ಇನ್ನು ಯಾರಿಗೆ ಕೊಡುತ್ತೇವೋ ಅವರ ಮುಂದೆ ‘ಟು’. ಕನ್ನಡದಲ್ಲಿ ‘ಹೆಡ್‌ಮಾಸ್ತರಿಗೆ’ ಎಂಬುದರ ಕೊನೆಗೆ ಬರುವ ‘ಗೆ’ ಇಂಗ್ಲಿಷಿನಲ್ಲಿ ಮುಂದೆ ಬಂದು ಕೂರುತ್ತದೆ, ಅಷ್ಟೇ ವ್ಯತ್ಯಾಸ.

ಸರ್ಕಾರಿ ನೌಕರಿಯಲ್ಲಿರುವವರಿಗೆ ಈ ಪದ ಹೊಟ್ಟೆಪಾಡಿನ ಪದ. ಮುಖ್ಯೋಪಾಧ್ಯಾಯರು ವರ್ಗವಾದರೆ ಚಾರ್ಜ್ ಕೊಡಬೇಕು. ಚಾರ್ಜ್ ಲಿಸ್ಟಿನಲ್ಲಿ ನಗದು ಪುಸ್ತಕ, ದಾಖಲಾತಿ ರಿಜಿಸ್ಟರ್, ಟಿಸಿ ಪುಸ್ತಕ, ಬೆಂಚು, ಬೋರ್ಡು, ಗಂಟೆ ಎಲ್ಲ ಎಣಿಕೆಯಾಗಬೇಕು. ಕೊನೆಗೆ ಒಂದು ಕಡೆ ‘ಹ್ಯಾಂಡೆಡ್ ಓವರ್’ ಎಂದು ಒಬ್ಬರ ಸಹಿ, ಇನ್ನೊಂದು ಕಡೆ ‘ಟೇಕನ್ ಓವರ್’ ಎಂದು ಇನ್ನೊಬ್ಬರ ಸಹಿ. ಒಮ್ಮೆ ಒಂದು ಶಾಲೆಯಲ್ಲಿ ನಾನು ಪ್ರಭಾರ ವಹಿಸಿಕೊಳ್ಳುವಾಗ ಪಟ್ಟಿಯಲ್ಲಿ ಗ್ಲೋಬು ಎರಡು ಇತ್ತು, ಕಪಾಟಿನಲ್ಲಿ ಒಂದೇ ಇತ್ತು. ಕೊಡುವವರು ‘ಸಹಿ ಹಾಕ್ರೀ ಸರ್, ಭೂಮಿ ಎಷ್ಟದಾವ, ಒಂದೇ ಅಲ್ಲೇನು’ ಅಂದರು. ಜಾಣತನದ ಮಾತೇ, ಆದರೂ ನಾನು ಸಹಿ ಹಾಕಲಿಲ್ಲ. ಎರಡನೆಯ ಭೂಮಿ ಮೂರು ದಿನದ ನಂತರ ಅಡುಗೆ ಕೋಣೆಯ ಅಟ್ಟದ ಮೇಲೆ ಸಿಕ್ಕಿತು.

ಹಿರಿಯರೆ, ತಾಯಂದಿರೆ, ಸಹಿಯ ಮಾತು ಬಂದದ್ದರಿಂದ ನಿಮಗೂ ಒಂದು ಮಾತು. ಕಂಪನಿ, ಬ್ಯಾಂಕು, ಕಚೇರಿಗಳ ಇಂಗ್ಲಿಷ್ ಪತ್ರದಲ್ಲಿ ಕೊಡುವವರು ಯಾರು ಎಂಬುದು ಹಲವು ಸಲ ಅಡಗಿರುತ್ತದೆ. ‘ಶಲ್ ಬಿ ಹ್ಯಾಂಡೆಡ್ ಓವರ್’ ಎಂದು ಬರೆದಿರುತ್ತಾರೆ, ಒಪ್ಪಿಸತಕ್ಕದ್ದು ಎಂದು. ಯಾರು ಒಪ್ಪಿಸತಕ್ಕದ್ದು? ಅವರು ನಮಗೋ, ನಾವು ಅವರಿಗೋ? ನಾನು ಅಂದು ಎಡವಿದ್ದು ಇದೇ ದಿಕ್ಕು ತಿಳಿಯದೆ. ನಾವು ಕಾಗದ ಕೊಡಬೇಕಿತ್ತು, ನಾನು ಅವರು ರೊಕ್ಕ ಕೊಡುತ್ತಾರೆ ಎಂದು ಓದಿದೆ. ಹಾಗಾಗಿ ಮನೆಯ ಮಗ ಅಥವಾ ಮಗಳು ಪತ್ರ ಓದಿದಾಗ ‘ಏನ್ ಬರದಾರ’ ಎಂದಷ್ಟೇ ಕೇಳಿ ಬಿಡಬೇಡಿ. ಯಾರು ಕೊಡಬೇಕು, ಯಾರಿಗೆ ಕೊಡಬೇಕು, ಯಾವ ತಾರೀಖಿನೊಳಗೆ ಎಂದು ಕೇಳಿ. ಅವರಿಗೆ ಹೇಳಲು ಬಾರದಿದ್ದರೆ ಶಾಲೆಗೆ ಕಳಿಸಿ, ಇಲ್ಲಿ ಓದಿ ಹೇಳುವವರಿದ್ದಾರೆ. ಅಸಲು ಕಾಗದ ಕೊಡುವ ಮುನ್ನ ಝೆರಾಕ್ಸ್ ಇಟ್ಟುಕೊಳ್ಳಿ, ಕೊಟ್ಟ ಮೇಲೆ ಸ್ವೀಕೃತಿ ಬರೆಸಿಕೊಳ್ಳಿ. ಕೈ ದಾಟಿದ ಕಾಗದಕ್ಕೆ ಸಾಕ್ಷಿ ಆ ಚೀಟಿ ಒಂದೇ.

ಕಾಕಾನ ಹಣದ ಕತೆ ಅರ್ಧಕ್ಕೇ ಬಿಟ್ಟೆ. ಸರ್ ಬರೆದುಕೊಟ್ಟ ಪತ್ರದ ಜೊತೆ ಕಾಗದ ಕಳಿಸಿದೆವು. ಹೆಚ್ಚುಕಡಿಮೆ ಒಂದು ವರ್ಷದ ಮೇಲೆ ಬಾಕಿ ಪಗಾರ ಬಂತು. ಆಸ್ಪತ್ರೆಯ ಖರ್ಚು ಬರಲಿಲ್ಲ. ತಾರೀಖು ದಾಟಿದ್ದಕ್ಕೇ ಬರಲಿಲ್ಲವೋ, ಕೊಡುವ ಮನಸ್ಸೇ ಇರಲಿಲ್ಲವೋ, ಅದು ಇವತ್ತಿಗೂ ತಿಳಿದಿಲ್ಲ. ಸಾಲ ತೀರಿಸಲು ಕಾಕಾ ಜೋಡಿ ಎತ್ತು ಮಾರಿದರು. ಅವರ ಮಗಳು, ನನ್ನ ತಂಗಿ, ಆಗ ಏಳನೆಯ ತರಗತಿ. ಓದಿನಲ್ಲಿ ನನಗಿಂತ ಚುರುಕು. ಆ ವರ್ಷ ಅವಳು ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋದಳು. ಈ ಶಾಲೆಯ ಮೆಟ್ಟಿಲು ಹತ್ತಲಿಲ್ಲ.

ಪತ್ರ ನಾನು ತಪ್ಪು ಓದಿದ್ದೆ ಎಂದು ಮನೆಯಲ್ಲಿ ಹೇಳುವ ಧೈರ್ಯ ನನಗೆ ಬರಲಿಲ್ಲ. ಅಪ್ಪ ತೀರಿಕೊಂಡರು, ಅವರಿಗೆ ಹೇಳಲಿಲ್ಲ. ಇಂಗ್ಲಿಷ್ ಶಿಕ್ಷಕನಾದೆ, ಊರಲ್ಲಿ ಸನ್ಮಾನ ಮಾಡಿದರು, ಆಗಲೂ ಹೇಳಲಿಲ್ಲ. ಈ ಭಾಷಣಕ್ಕೆ ಒಪ್ಪಿಕೊಂಡ ಮೇಲೆ ಕಾಕಾ ಮತ್ತು ತಂಗಿಗೆ ಹೇಳದೆ ಇಲ್ಲಿ ಬಂದು ನಿಲ್ಲುವುದು ಸರಿಯಲ್ಲ ಎನ್ನಿಸಿತು. ಹೋದ ವಾರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಕಾಕಾ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು. ಆಮೇಲೆ ಅಂದರು: ‘ನನಗ ಆವಾಗ್ಲೇ ಗೊತ್ತಿತ್ತಲೇ. ನಿಮ್ಮ ಸರ್ ನನಗ ಹೇಳಿದ್ರು, ಅವನ ಮುಂದ ತೆಗೀಬ್ಯಾಡ್ರಿ, ಹುಡುಗ ಪುಸ್ತಕ ಮುಟ್ಟೂದು ಬಿಡ್ತಾನ ಅಂತ. ನಿಮ್ಮಪ್ಪಗೂ ಗೊತ್ತಿತ್ತು.’

ತಂಗಿ ಏನೂ ಹೇಳಲಿಲ್ಲ. ಒಳಗೆ ಹೋಗಿ ಚಹಾ ತಂದಳು. ಹೊರಡುವಾಗ ಮಾತ್ರ ‘ಅಣ್ಣಾ, ಅದನ್ನ ಅಲ್ಲಿ ಹೇಳು. ನನ್ನ ಮಗಳೂ ಕೂತಿರ್ತಾಳ’ ಅಂದಳು. ಅವಳ ಕಿರಿಯ ಮಗಳು ಈಗ ಇದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ. ಕಾಕಾ ಅಲ್ಲಿ ಮುಂದಿನ ಸಾಲಿನಲ್ಲಿ ಕೋಲು ಹಿಡಿದು ಕುಳಿತಿದ್ದಾರೆ.

ನಮ್ಮ ಬ್ಯಾಚಿನ ಗೆಳೆಯರೆಲ್ಲ ಕೂಡಿ ಶಾಲೆಗೆ ಒಂದು ಕಪಾಟು ಮತ್ತು ಅದರ ತುಂಬ ಇಂಗ್ಲಿಷ್-ಕನ್ನಡ ನಿಘಂಟುಗಳನ್ನು ತಂದಿದ್ದೇವೆ. ಒಂದು ಬಿನ್ನಹ: ಕಪಾಟಿಗೆ ಕೀಲಿ ಇದೆ, ದಯವಿಟ್ಟು ಹಗಲು ಹೊತ್ತು ಹಾಕಬೇಡಿ. ಪುಸ್ತಕ ಹರಿದರೆ ಹರಿಯಲಿ, ಮುಂದಿನ ಬ್ಯಾಚಿನವರು ಹೊಸದು ತರುತ್ತಾರೆ. ಪಟ್ಟಿ ಮಾಡಿದ್ದೇವೆ, ಎರಡು ಪ್ರತಿ ಇವೆ, ಎಣಿಸಿಕೊಂಡು ಸಹಿ ಹಾಕಬೇಕು. ಗ್ಲೋಬಿನ ಗತಿ ಆಗಬಾರದು.

ಕೀಲಿಕೈ ನನ್ನ ಕೈಯಲ್ಲಿದೆ. ಆದರೆ ಅದನ್ನು ಹೆಡ್‌ಮಾಸ್ತರ ಕೈಗೆ ಕೊಡುವವನು ನಾನಲ್ಲ. ಬಾರವ್ವಾ, ಮೇಲೆ ಬಾ, ಹೆದರಬೇಡ. ಮೈಕಿನ ಹತ್ತಿರ ನಿಂತುಕೋ. ನಿನ್ನೆ ಹೇಳಿಕೊಟ್ಟೆನಲ್ಲ ಆ ವಾಕ್ಯ, ಅದನ್ನು ನಿಮ್ಮ ಅಜ್ಜನಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಹೇಳು, ಆಮೇಲೆ ಕೊಡು.